ಪಡೆದ ಹಾಗೇ ಒಪ್ಪಿಸುವುದು

ಮುಖ ತೊಳೆಯುವ ಮುಂಚೆ ಅಮ್ಮ ಹಣೆಯ ಸ್ಟಿಕರ್ ತೆಗೆದು ತನ್ನ ಎಡ ಮುಂಗೈಗೆ ಅಂಟಿಸಿಕೊಳ್ಳುತ್ತಿದ್ದಳು. ಕಣ್ಣೆದುರಿಗೇ ಕನ್ನಡಿ ಇರುತ್ತಿತ್ತು. ಬೇರೆ ಹೆಂಗಸರು ಕನ್ನಡಿಗೇ ಅಂಟಿಸುತ್ತಾರೆಂದು ಅವಳಿಗೂ ಗೊತ್ತಿತ್ತು. ಒಮ್ಮೊಮ್ಮೆ ಅವಳ ಬೆರಳು ಕನ್ನಡಿಯವರೆಗೂ ಹೋಗಿ, ಅಲ್ಲಿ ಒಂದು ಕ್ಷಣ ನಿಂತು, ಏನೋ ನೆನಪಾದ ಹಾಗೆ ಮುಂಗೈಗೆ ತಿರುಗುತ್ತಿತ್ತು. ಮುಖ ಒರೆಸಿಕೊಂಡ ಮೇಲೆ ಮುಂಗೈಯಿಂದ ಮತ್ತೆ ಹಣೆಗೆ. ಅಮ್ಮನ ಮುಂಗೈ ತುಂಬ ಅಂಟಿನ ಸಣ್ಣ ಸಣ್ಣ ಕಲೆಗಳಿದ್ದವು. ನಾವಿದ್ದ ಯಾವ ಊರಿನ ಯಾವ ಕನ್ನಡಿಯಲ್ಲೂ ಒಂದು ಕಲೆ ಇರಲಿಲ್ಲ.

ಯಾಕೆಂದರೆ ಕನ್ನಡಿ ಉಗ್ರಾಣದ್ದು.

ದಂಡಿನ ಊರಿನಲ್ಲಿ ಎಲ್ಲವೂ ಉಗ್ರಾಣದ್ದು. ಅದು ಸಿಪಾಯಿಗಳೂ ಅವರ ಹೆಂಡತಿ ಮಕ್ಕಳೂ ಮಾತ್ರ ಇರುವ ಊರು. ಅಲ್ಲಿ ಮರಗಳ ಬುಡಕ್ಕೆ ಕೆಂಪು ಬಿಳಿ ಪಟ್ಟೆ ಬಳಿದಿರುತ್ತಿದ್ದರು, ದಾರಿ ಬದಿಯ ಕಲ್ಲುಗಳಿಗೆ ಸುಣ್ಣ ಹೊಡೆದಿರುತ್ತಿದ್ದರು, ಮನೆಗಳೆಲ್ಲ ಒಂದೇ ಅಚ್ಚಿನಿಂದ ತೆಗೆದ ಇಟ್ಟಿಗೆಗಳ ಹಾಗೆ ಇರುತ್ತಿದ್ದವು. ಮಂಚ ಉಗ್ರಾಣದ್ದು, ಕುರ್ಚಿ ಉಗ್ರಾಣದ್ದು, ಬಕೆಟ್ ಉಗ್ರಾಣದ್ದು. ಬೇಲಿಗೆ ಹಬ್ಬಿದ ಮಲ್ಲಿಗೆಯೂ ಉಗ್ರಾಣದ್ದು. ಅದರ ವಾಸನೆಯ ವಿಷಯದಲ್ಲಿ ನಿಯಮ ಏನೂ ಹೇಳುತ್ತಿರಲಿಲ್ಲ. ಆದರೂ ಅಮ್ಮ ಬೇಲಿಯ ಹತ್ತಿರ ಹೋದಾಗ ಅಷ್ಟೇನೂ ಜೋರಾಗಿ ಉಸಿರು ಎಳೆದುಕೊಳ್ಳುತ್ತಿರಲಿಲ್ಲ.

ನಿಯಮ ಒಂದೇ. ಪಡೆದ ಹಾಗೇ ಒಪ್ಪಿಸಬೇಕು.

ಹೊಸ ಊರಿಗೆ ಬಂದ ದಿನ ಮನೆಮಂದಿ ಎಲ್ಲ ಉಗ್ರಾಣದ ಬಾಗಿಲಲ್ಲಿ ಸಾಲಾಗಿ ನಿಲ್ಲುತ್ತಿದ್ದೆವು. ಒಳಗಿನಿಂದ ಉಗ್ರಾಣಿ ಬರುತ್ತಿದ್ದ. ಅವನ ಬಲಗೈಯ ತೋರುಬೆರಳು ಬಾಗಿಯೇ ಇತ್ತು. ವರ್ಷಗಟ್ಟಲೆ ಸಾಮಾನು ತಟ್ಟಿ ತಟ್ಟಿ ಅದು ನೆಟ್ಟಗಾಗುವುದನ್ನು ಮರೆತಿತ್ತು. ಮಂಚ ಕೊಡುವಾಗ ಆ ಬೆರಳಿನ ಗೆಣ್ಣಿನಿಂದ ಮಂಚವನ್ನು ತಟ್ಟುತ್ತಿದ್ದ, ಬಕೆಟ್ ಕೊಡುವಾಗ ಬಕೆಟನ್ನು ತಟ್ಟುತ್ತಿದ್ದ, ತಲೆ ಓರೆ ಮಾಡಿ ಸದ್ದು ಕೇಳಿಸಿಕೊಳ್ಳುತ್ತಿದ್ದ. ಊರು ಬಿಡುವ ದಿನ ಮತ್ತೆ ತಟ್ಟಿದಾಗ ಅದೇ ಸದ್ದು ಬರಬೇಕು. ಬಂದರೆ ಸಾಮಾನು ಒಳಗೆ ಹೋಗುತ್ತಿತ್ತು, ಮುಂದೆ ಬರುವವರಿಗಾಗಿ. ಬರದಿದ್ದರೆ ಕೆಟ್ಟ ಸಾಮಾನು ಹಾಕುವ ಕಂಡಮ್ ಕೋಣೆಗೆ.

ನಾನು ಹೇಳುತ್ತಿರುವ ಊರಿಗೆ ನಾವು ಬಂದಾಗ ನನಗೆ ಆಗಲೇ ಸಾಲಿನಲ್ಲಿ ನಿಲ್ಲುವುದು ಚೆನ್ನಾಗಿ ಬರುತ್ತಿತ್ತು. ಅಪ್ಪ ಮಂಚ ಪಡೆದ. ಅಮ್ಮ ಬಕೆಟ್ ಪಡೆದಳು, ಕನ್ನಡಿ ಪಡೆದಳು, ಕುರ್ಚಿಯ ಕಾಲು ಅಲ್ಲಾಡಿಸಿ ನೋಡಿದಳು.

"ಇದು ಕೊಟ್ಟಾಗಲೇ ಹೀಗಿತ್ತು ಅಂತ ಈಗಲೇ ಹೇಳ್ತಿದ್ದೀನಿ" ಎಂದಳು.

"ಆಯ್ತು ತಾಯಿ" ಎಂದ ಉಗ್ರಾಣಿ. "ಮಗು ಇದೆಯಾ?"

"ಇದೆ" ಎಂದು ಅಪ್ಪ ನನ್ನನ್ನು ಮುಂದೆ ತಳ್ಳಿದ.

"ಹಾಗಾದ್ರೆ ಒಂದು ಗೆಳತಿ."

ಉಗ್ರಾಣದ ಕಂಬದ ಮಗ್ಗುಲಲ್ಲಿ ನನ್ನಷ್ಟೇ ಎತ್ತರದ ಒಬ್ಬ ಹುಡುಗಿ ನಿಂತಿದ್ದಳು. ಜಡೆ ಒಂದು ಬಿಗಿ, ಒಂದು ಸಡಿಲ. ನಾನು ಅವಳನ್ನು ನೋಡುತ್ತಿದ್ದ ಹಾಗೇ ಅವಳು ನನ್ನನ್ನು ನೋಡುತ್ತಿದ್ದಳು. ಅವಳ ಹಿಂದೆ ಯಾರೋ ದೊಡ್ಡವರಿಬ್ಬರು ಬಕೆಟ್ ಹಿಡಿದು ನಿಂತಿದ್ದರು. ಉಗ್ರಾಣದ ಆಳುಗಳಿರಬೇಕು ಅಂದುಕೊಂಡೆ.

"ಇಗೋ" ಎಂದ ಉಗ್ರಾಣಿ, ಯಾರ ಮುಖವನ್ನೂ ನೋಡದೆ.

ಅಮ್ಮ ಹುಡುಗಿಯನ್ನು ಒಂದು ಸುತ್ತು ತಿರುಗಿಸಿ ನೋಡಿದಳು. "ಮೊಣಕಾಲಲ್ಲಿ ಗಾಯದ ಗುರುತಿದೆ, ನೋಡ್ಕೊಳ್ಳಿ. ಆಮೇಲೆ ನಮ್ಮ ಮೇಲೆ ಹಾಕ್ಬೇಡಿ."

"ನೋಡಿದ್ದೀನಿ ತಾಯಿ."

ಉಗ್ರಾಣಿ ಅವಳ ಬೆನ್ನನ್ನು ಬಾಗಿದ ಬೆರಳಿನಿಂದ ತಟ್ಟಿದ. ಟಣ್. ಖಾಲಿ ಕೊಡದ ಸದ್ದು, ತಿಳಿಯಾದ, ಒಂಟಿಯಾದ ಸದ್ದು. "ಇದನ್ನ ಕಿವೀಲಿಟ್ಕೋ ಮಗು" ಎಂದ. ಆಮೇಲೆ ಕೈ ಸುಮ್ಮನಿರಲಾರದೆ ಎನ್ನುವ ಹಾಗೆ ನನ್ನ ಬೆನ್ನನ್ನೂ ಒಂದು ಸಲ ತಟ್ಟಿದ. ಅಷ್ಟರಲ್ಲಿ ಅಮ್ಮ ಬಕೆಟ್ ನನ್ನ ಕೈಗೆ ಕೊಟ್ಟಿದ್ದರಿಂದ ಆ ಸದ್ದು ಬಕೆಟಿನದೋ ನನ್ನದೋ ನನಗೆ ಗೊತ್ತಾಗಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅಮ್ಮ ನನಗೆ ಬಳಸುವ ರೀತಿ ಹೇಳಿಕೊಟ್ಟಳು. ಪ್ರತಿ ಊರಿನಲ್ಲೂ ಹೇಳಿಕೊಡುತ್ತಿದ್ದಳು.

"ಮಳೆ ಬಂತು, ಮಳೆ ನಿಂತಿತು, ಇವತ್ತು ಉಪ್ಪಿಟ್ಟು. ಇಂಥ ಮಾತೆಲ್ಲ ಆಡಬಹುದು. ಅದು ಸೋರಿಹೋಗುತ್ತೆ, ಒಳಗೆ ನಿಲ್ಲಲ್ಲ. ನಿಂದು ಅಂತ ಏನನ್ನೂ ಹೇಳ್ಬೇಡ. ಅವಳ ಮನೆ ಎಲ್ಲಿ, ಯಾರು, ಏನು, ಕೇಳ್ಬೇಡ."

"ಉಗ್ರಾಣದ ಗೆಳತಿಗೆ ಮನೆ ಇರುತ್ತಾ?"

"ಅದನ್ನೇ ಕೇಳ್ಬೇಡ ಅಂದಿದ್ದು."

ಅಮ್ಮನಿಗೂ ಪಕ್ಕದ ಮನೆಯಾಕೆಯನ್ನು ಕೊಟ್ಟಿದ್ದರು. ಇಬ್ಬರೂ ಬೇಲಿಯ ಆಚೆ ಈಚೆ ನಿಂತು ಹೆಪ್ಪು ಹಾಕುವುದರ ಬಗ್ಗೆ, ಸಮವಸ್ತ್ರಕ್ಕೆ ಗಂಜಿ ಹಾಕುವುದರ ಬಗ್ಗೆ ಬಹಳ ಹೊತ್ತು ಮಾತಾಡುತ್ತಿದ್ದರು. ಎಷ್ಟೋ ಊರುಗಳಲ್ಲಿ ಎಷ್ಟೋ ಪಕ್ಕದ ಮನೆಯಾಕೆಯರನ್ನು ಒಂದು ಗೀರಿಲ್ಲದೆ ಒಪ್ಪಿಸಿದವಳು ಅಮ್ಮ. ಅವರಲ್ಲಿ ಒಬ್ಬರ ಹೆಸರೂ ಅವಳಿಗೆ ನೆನಪಿರಲಿಲ್ಲ. ಅದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತಿದ್ದಳು.

"ಅಪ್ಪನೂ ಉಗ್ರಾಣದ್ದೇನಾ?" ಎಂದು ಒಂದು ಸಲ ಕೇಳಿದ್ದೆ.

ಅಮ್ಮ ಒಗ್ಗರಣೆಗೆ ಸಾಸಿವೆ ಹಾಕಿ, ಸಾಸಿವೆ ಸಿಡಿದು ಮುಗಿಯುವವರೆಗೂ ಕಾದು, "ಅಪ್ಪ ಮೇಲಿನ ಉಗ್ರಾಣದ್ದು" ಎಂದಳು.

ಅದು ನನಗೆ ಸರಿಯೆನ್ನಿಸಿತು. ಊರಿನ ಅಪ್ಪಂದಿರನ್ನೆಲ್ಲ ಆಗಾಗ ಗಡಿಗೆ ವಾಪಸ್ ತೆಗೆದುಕೊಳ್ಳುತ್ತಿದ್ದರು, ಆಮೇಲೆ ಮತ್ತೆ ಕೊಡುತ್ತಿದ್ದರು. ಕೊಟ್ಟಾಗ ಹಣೆ ಕಪ್ಪಾಗಿರುತ್ತಿತ್ತು, ದನಿ ಬೇರೆಯಾಗಿರುತ್ತಿತ್ತು, ಅನ್ನಕ್ಕೆ ಕೂತರೆ ಬೆನ್ನು ಗೋಡೆಗೆ ಕೊಟ್ಟೇ ಕೂರುತ್ತಿದ್ದರು.

ಗೆಳತಿ ದಿನಾ ಸಂಜೆ ನೀರಿನ ತೊಟ್ಟಿಯ ಮೆಟ್ಟಿಲಿಗೆ ಬರುತ್ತಿದ್ದಳು. ನಾನು ಬರುವುದಕ್ಕೂ ಅವಳು ಬರುವುದಕ್ಕೂ ಸರಿಹೋಗುತ್ತಿತ್ತು. ಮಳೆ ಬಂತು ಎನ್ನುತ್ತಿದ್ದೆ. ಮಳೆ ನಿಂತಿತು ಎನ್ನುತ್ತಿದ್ದಳು. ಇವತ್ತು ಉಪ್ಪಿಟ್ಟು ಎನ್ನುತ್ತಿದ್ದೆ. ನಮಗೂ ಎನ್ನುತ್ತಿದ್ದಳು. ಸುತ್ತ ಬೇರೆ ಮಕ್ಕಳೂ ತಮ್ಮ ತಮ್ಮ ಗೆಳೆಯರನ್ನು ಜೋಪಾನವಾಗಿ ಬಳಸುತ್ತಿದ್ದರು. ಒಬ್ಬ ಹುಡುಗ ತನ್ನ ಗೆಳೆಯನಿಗೆ ಎರಡು ವರ್ಷದಲ್ಲಿ ತನ್ನ ಹೆಸರನ್ನೇ ಹೇಳಿರಲಿಲ್ಲವಂತೆ. ದೊಡ್ಡವರು ಅವನನ್ನು ತೋರಿಸಿ, "ನೋಡಿ ಕಲೀರಿ" ಎನ್ನುತ್ತಿದ್ದರು.

ನಾವಿಬ್ಬರೂ ಕಲಿಯಲಿಲ್ಲ. ಮೊದಲು ಸೀಬೆಹಣ್ಣಿನಿಂದ ಶುರುವಾಯಿತು. ಅದನ್ನು ಉಪ್ಪು ಖಾರದಲ್ಲಿ ಅದ್ದಿ, ಬೀಜ ಅಗಿಯದೆ ನುಂಗಬೇಕೆಂದು ಗೆಳತಿ ತೋರಿಸಿದಳು. ಆಮೇಲೆ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆಯುವುದು ಕಲಿಸಿದಳು. ಏನಾದರೂ ಕಳೆದುಹೋದರೆ "ಹೋಗ್ಲಿ ಬಿಡೇ, ಅದಕ್ಕೂ ನಮ್ಮ ಸಹವಾಸ ಸಾಕಾಗಿತ್ತು" ಎನ್ನುವುದನ್ನು ಕಲಿಸಿದಳು. ನನ್ನ ರಿಬ್ಬನ್ ಕಳೆದಾಗ ಅದನ್ನೇ ಅಂದೆ, ಮನೆಯಲ್ಲಿ ಏಟು ಬಿತ್ತು. ಮಾರನೇ ದಿನ ಅದನ್ನು ಅವಳಿಗೆ ಹೇಳಿದೆ. ಅವಳು ನಗುತ್ತಾ ನಗುತ್ತಾ ಮೆಟ್ಟಿಲಿನಿಂದ ಜಾರಿದಳು. ಉಗ್ರಾಣದ ವಸ್ತುವಿಗೆ ಏನಾದರೂ ಆಯಿತೋ ಎಂದು ಅವಳ ಮೊಣಕಾಲು ತಿರುಗಿಸಿ ನೋಡಿದೆ. ಆದರೆ ನಾನೂ ನಗುತ್ತಿದ್ದೆ.

ಒಂದು ಸಂಜೆ ನಾನು ಹೇಳಬಾರದ್ದನ್ನು ಹೇಳಿದೆ. ಆ ವಾರ ಅಪ್ಪನನ್ನು ಗಡಿಯಿಂದ ವಾಪಸ್ ಕೊಟ್ಟಿದ್ದರು. ನಾವು ಬೆನ್ನಿಗೆ ಬೆನ್ನು ಆನಿಸಿ ಕೂತಿದ್ದೆವು.

"ಅಪ್ಪ ಬಂದಾಗೆಲ್ಲ ನಂಗೆ ಭಯ ಆಗುತ್ತೆ ಕಣೇ" ಎಂದೆ. "ಬೇರೆ ಯಾರದ್ದೋ ಅಪ್ಪನ್ನ ನಮಗೆ ಕೊಟ್ಟುಬಿಟ್ಟಿದ್ದಾರೆ ಅನ್ಸುತ್ತೆ. ಅಮ್ಮ 'ಹೋಗು, ಅಪ್ಪನ್ನ ತಬ್ಕೋ' ಅಂತಾಳೆ. ತಬ್ಕೋತೀನಿ. ಮನಸ್ಸಲ್ಲಿ ಮಾತ್ರ ಅಂಕಲ್ ಅಂತೀನಿ. ಸ್ವಲ್ಪ ದಿನ ಆದ್ಮೇಲೆ ಅಪ್ಪ ಆಗ್ತಾನೆ. ಅಷ್ಟೊತ್ತಿಗೆ ವಾಪಸ್ ತಗೊಂಡುಬಿಡ್ತಾರೆ."

ನನ್ನ ಬೆನ್ನಿಗೆ ತಾಗಿದ್ದ ಗೆಳತಿಯ ಬೆನ್ನಿನೊಳಗೆ ಏನೋ ಬಿದ್ದ ಸದ್ದಾಯಿತು, ಬಾವಿಗೆ ಕಲ್ಲು ಬಿದ್ದ ಹಾಗೆ. ತಳ ಮುಟ್ಟಲು ಬಹಳ ಹೊತ್ತು ಹಿಡಿಯಿತು.

ಅದಾದ ಮೇಲೆ ಮಳೆಗಾಲ ಬಂತು. ನಡುವೆ ಕೆಲವು ದಿನ ಗೆಳತಿ ತೊಟ್ಟಿಯ ಹತ್ತಿರ ಬರಲಿಲ್ಲ. ಬಂದಾಗ ಎರಡು ಜಡೆಯೂ ಸಡಿಲವಾಗಿದ್ದವು. ಎಲ್ಲಿಗೆ ಹೋಗಿದ್ದೆ ಎಂದು ಕೇಳುವುದು ನಿಯಮವಲ್ಲ. ಮಳೆ ಬಂತು ಎಂದೆ. ಅವಳು ಮಳೆ ನಿಂತಿತು ಎನ್ನಲಿಲ್ಲ.

ಮಳೆ ನಿಂತ ಮೇಲೆ ನಮ್ಮ ಮನೆಯ ಮುಂದೆ ಒಂದು ಖಾಲಿ ಲಾರಿ ಬಂದು ನಿಂತಿತು. ದಂಡಿನ ಊರಿನಲ್ಲಿ ಹೊರಡಿ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಖಾಲಿ ಲಾರಿ ಬಂದು ನಿಲ್ಲುತ್ತದೆ, ಅಷ್ಟೇ. ಅಮ್ಮ ಒಲೆಯ ಮೇಲಿದ್ದ ಪಲ್ಯವನ್ನು ಇಳಿಸಿ, ಮಂಚದ ಕೆಳಗಿನಿಂದ ಕಪ್ಪು ಟ್ರಂಕುಗಳನ್ನು ಎಳೆದಳು. ಅವುಗಳ ಮೇಲೆ ಒಂದು ಊರಿನ ಹೆಸರಿಗೆ ಬಣ್ಣ ಹೊಡೆದು ಇನ್ನೊಂದು, ಅದಕ್ಕೆ ಬಣ್ಣ ಹೊಡೆದು ಮತ್ತೊಂದು. ಬಣ್ಣ ಈಗ ರೊಟ್ಟಿಯಷ್ಟು ದಪ್ಪವಾಗಿತ್ತು. ಅಪ್ಪ ಗೋಣಿತಟ್ಟನ್ನು ದಬ್ಬಣದಿಂದ ಹೊಲಿಯುತ್ತಾ, "ಇನ್ನು ಏನೇನು ಒಪ್ಪಿಸೋದಿದೆ?" ಎಂದು ಕೇಳಿದ.

"ಮಂಚ, ಕುರ್ಚಿ, ಬಕೆಟ್, ಕನ್ನಡಿ, ಗೆಳತಿ" ಎಂದಳು ಅಮ್ಮ. "ಹೋಗೇ, ಕರ್ಕೊಂಡು ಬಾ ಅವಳನ್ನ. ನಾನೇ ಒಂದ್ಸಲ ತಟ್ಟಿ ನೋಡ್ತೀನಿ. ಅವನ ಮುಂದೆ ಮಾನ ಹೋಗೋದು ಬೇಡ."

ಗೆಳತಿ ಬಂದು ಅಂಗಳದಲ್ಲಿ ಬೆನ್ನು ತಿರುಗಿಸಿ ನಿಂತಳು. ಅಮ್ಮ ತಟ್ಟಿದಳು.

ಧಪ್.

ತುಂಬಿದ ಅಕ್ಕಿ ಮೂಟೆಯ ಸದ್ದು. ಅಮ್ಮ ಇನ್ನೊಂದು ಕಡೆ ತಟ್ಟಿದಳು. ಧಪ್. ಅಪ್ಪನ ದಬ್ಬಣ ನಿಂತಿತು.

"ಏನೇ ತುಂಬಿದ್ದೀಯ ಇದ್ರೊಳಗೆ?" ಎಂದಳು ಅಮ್ಮ. ಅವಳ ದನಿಯಲ್ಲಿ ಸಿಟ್ಟಿಗಿಂತ ಭಯವೇ ಇತ್ತು. "ಇದನ್ನ ಒಳಗೆ ತಗೋತಾನಾ ಅವನು? ಕಂಡಮ್ ಕೋಣೆಗೆ ಹಾಕ್ತಾನೆ. ಇನ್ಯಾರಿಗೂ ಕೊಡಲ್ಲ ಇವಳನ್ನ, ಗೊತ್ತಾ?"

ಕಂಡಮ್ ಕೋಣೆ ನನಗೆ ಗೊತ್ತಿತ್ತು. ಅದು ಉಗ್ರಾಣದ ಹಿಂದೆ ಇತ್ತು. ಕಿಟಕಿ ಇಲ್ಲದ ಕೋಣೆ. ಕಾಲು ಮುರಿದ ಮಂಚಗಳು, ತಳ ಹೋದ ಬಕೆಟ್‌ಗಳು, ಖಾಲಿಯಾಗದ ಗೆಳೆಯರು, ಎಲ್ಲ ಅಲ್ಲಿ. ಸಂಜೆ ಹೊತ್ತು ಒಳಗೆ ಯಾರೋ ಯಾರಿಗೋ ಕಥೆ ಹೇಳುವ ಸದ್ದು ಕೇಳುತ್ತದೆ ಎಂದು ಮಕ್ಕಳು ಹೇಳುತ್ತಿದ್ದರು. ನಗುವೂ ಕೇಳುತ್ತದೆ ಎನ್ನುತ್ತಿದ್ದರು. ನಗುವಿನ ವಿಷಯವನ್ನು ಮಾತ್ರ ದೊಡ್ಡವರು ಯಾರೂ ನಂಬುತ್ತಿರಲಿಲ್ಲ.

"ಕತ್ತಲಾಗೋದ್ರೊಳಗೆ ಖಾಲಿ ಮಾಡ್ಕೊಂಡು ಬಾ" ಎಂದಳು ಅಮ್ಮ.

ಖಾಲಿ ಮಾಡುವ ಕ್ರಮ ಎಲ್ಲ ಮಕ್ಕಳಿಗೂ ಗೊತ್ತು. ಇಟ್ಟುಕೊಂಡವರು ಇಟ್ಟುಕೊಂಡದ್ದನ್ನು ಬಾಯಿಬಿಟ್ಟು ಹೇಳಬೇಕು. ಕೊಟ್ಟವರು ಕೇಳಿ "ಬಂತು" ಎನ್ನಬೇಕು. ಅಷ್ಟೇ. ಆಮೇಲೆ ಅದು ಅವರಲ್ಲಿ ಇರುವುದಿಲ್ಲ.

ತೊಟ್ಟಿಯ ಮೆಟ್ಟಿಲ ಮೇಲೆ ಎದುರುಬದುರು ಕೂತೆವು.

"ರಿಬ್ಬನ್ ಕಳೆದು ಏಟು ತಿಂದದ್ದು" ಎಂದಳು ಗೆಳತಿ.

"ಬಂತು."

"ಗಣಿತದ ಮಿಸ್ ಮೂಗಿನ ಮೇಲಿನ ನೊಣ."

"ಬಂತು."

"ನಿಮ್ಮೂರು ಯಾವುದು ಅಂತ ಯಾರಾದ್ರೂ ಕೇಳಿದ್ರೆ ನಿಂಗೆ ಟ್ರಂಕಿನ ಬಣ್ಣದ ವಾಸನೆ ನೆನಪಾಗೋದು."

"ಬಂತು" ಎಂದೆ. ಒಂದೊಂದು ಬಂದಾಗಲೂ ನನ್ನೊಳಗೆ ಅದಕ್ಕೆ ಜಾಗವೇ ಇಲ್ಲ ಎನ್ನಿಸುತ್ತಿತ್ತು. ಅಲ್ಲಿ ಬೇರೆ ಏನೋ ಕೂತಿತ್ತು.

"ಇನ್ನೊಂದು ಉಳೀತು" ಎಂದೆ. "ಅಪ್ಪನ ವಿಷಯ."

"ಅದು ಇರಲಿ" ಎಂದಳು. "ಈಗ ನಿನ್ನ ಸರದಿ. ಶಿಳ್ಳೆ ಕೊಡು."

"ನನ್ನ ಸರದಿ ಏನು?"

"ನಿನ್ನನ್ನ ಖಾಲಿ ಮಾಡ್ಬೇಡ್ವಾ? ನಾಳೆ ಒಪ್ಪಿಸ್ಬೇಕು ನಾನು."

"ನೀನು ಒಪ್ಪಿಸೋದಾ? ನಿನ್ನನ್ನ ನಾನು ಒಪ್ಪಿಸೋದು ಕಣೇ!"

ಗೆಳತಿ ನನ್ನನ್ನು ಬಹಳ ಮರುಕದಿಂದ ನೋಡಿದಳು. ಸಾಮಾನಿಗೆ ತಾನು ಸಾಮಾನೆಂದು ಗೊತ್ತಿಲ್ಲದಿದ್ದರೆ ಒಡೆಯರು ನೋಡುವ ಹಾಗೆ. ನನ್ನ ಮುಖದಲ್ಲೂ ಅದೇ ಮರುಕ ಇದ್ದಿರಬೇಕು. "ಬಾ" ಎಂದು ಎದ್ದಳು.

ಆಚೆ ಸಾಲಿನಲ್ಲಿದ್ದ ಅವಳ ಮನೆ ಥೇಟ್ ನಮ್ಮ ಮನೆಯೇ. ಅದೇ ಬಾಗಿಲು, ಅದೇ ಬೇಲಿ, ಅದೇ ಮಲ್ಲಿಗೆ. ಮುಂದೆ ಖಾಲಿ ಲಾರಿ. ಒಳಗೆ ಅದೇ ಕಪ್ಪು ಟ್ರಂಕುಗಳು. ಒಬ್ಬ ಹೆಂಗಸು ಅವುಗಳ ಮೇಲೆ ಊರಿನ ಹೆಸರಿಗೆ ಬಣ್ಣ ಹೊಡೆಯುತ್ತಿದ್ದಳು. ನನ್ನನ್ನು ಕಂಡವಳೇ ಬ್ರಷ್ ಕೆಳಗಿಟ್ಟು, ನನ್ನನ್ನು ಒಂದು ಸುತ್ತು ತಿರುಗಿಸಿ ನೋಡಿದಳು.

"ನೀನೇನಾ ನಮ್ಮ ಹುಡುಗಿಗೆ ಕೊಟ್ಟ ಗೆಳತಿ?" ಎಂದು ಮಗಳ ಕಡೆ ತಿರುಗಿದಳು. "ಪರವಾಗಿಲ್ವೇ, ಚೆನ್ನಾಗೇ ಇಟ್ಕೊಂಡಿದ್ದೀಯ ಕಣೇ. ಒಂದು ಗೀರಿಲ್ಲ. ತಿಂಡಿ ಕೊಡೋಣ ಅಂದ್ರೆ ನಾಳೆ ಒಪ್ಪಿಸೋ ಸಾಮಾನು. ಭಾರ ಹೆಚ್ಚಾಗಿದೆ ಅಂದ್ರೆ ಏನ್ಮಾಡೋದು?"

ನಾನು ಮಾತಾಡಿದರೆ ಸಾಮಾನು ಮಾತಾಡಿತು ಎಂದಾಗುತ್ತಿತ್ತು.

ಗೋಡೆಗೆ ಬೆನ್ನು ಕೊಟ್ಟು ಒಬ್ಬ ಮನುಷ್ಯ ಕೂತಿದ್ದ. ಅವನ ಪ್ಯಾಂಟಿನ ಒಂದು ಕಾಲನ್ನು ಮೊಣಕಾಲಿನವರೆಗೆ ಮಡಿಸಿ ಪಿನ್ನು ಹಾಕಿದ್ದರು. ಪಕ್ಕದಲ್ಲಿ ಊರುಗೋಲು, ಮುಂದೆ ಪಾಲಿಶ್ ಡಬ್ಬಿ. ಕೈಯಲ್ಲಿ ಒಂದೇ ಒಂದು ಬೂಟು, ಕನ್ನಡಿಯಂತೆ ಹೊಳೆಯುತ್ತಿತ್ತು.

"ಬಾಮ್ಮ, ಕೂತ್ಕೋ" ಎಂದ. "ನೋಡು, ಈಗ ಅರ್ಧ ಹೊತ್ತಲ್ಲೇ ಕೆಲಸ ಮುಗಿಯುತ್ತೆ. ಮೊದಲೇ ಗೊತ್ತಾಗಿದ್ರೆ ಎಷ್ಟು ಪಾಲಿಶ್ ಉಳೀತಿತ್ತು."

ಯಾರೂ ನಗಲಿಲ್ಲ. ಅವನೇ ನಕ್ಕ. ಗೆಳತಿ ಬಾಗಿಲ ಚೌಕಟ್ಟಿಗೆ ಒರಗಿ ಅವನನ್ನು ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತಿತ್ತು. ಅದು ಹೊರಗಿನಿಂದ ಹೇಗಿರುತ್ತದೆಂದು ನಾನು ಅಲ್ಲಿಯವರೆಗೂ ನೋಡಿರಲಿಲ್ಲ.

ವಾಪಸ್ ತೊಟ್ಟಿಯ ಹತ್ತಿರ ಬಂದೆವು. ನಾವಿಬ್ಬರೂ ಬಹಳ ಹೊತ್ತು ಮಳೆ ಬಂತು ಎಂದೂ ಹೇಳಲಿಲ್ಲ, ನಿಂತಿತು ಎಂದೂ ಹೇಳಲಿಲ್ಲ.

"ಹಾಗಾದ್ರೆ ನಮ್ಮಲ್ಲಿ ಉಗ್ರಾಣದವಳು ಯಾರೇ?" ಎಂದೆ ಕೊನೆಗೆ.

"ಹೋಗ್ಲಿ ಬಿಡೇ" ಎಂದಳು. "ಯಾರಾದ್ರೂ ಒಂದೇ. ಶಿಳ್ಳೆ ಕೊಡು. ಇಲ್ದಿದ್ರೆ ನಿನ್ನನ್ನ ಆ ಕೋಣೆಗೆ ಹಾಕ್ತಾರೆ."

ಶಿಳ್ಳೆ ಕೊಟ್ಟೆ. ಬಂತು ಎಂದಳು. ಸೀಬೆಹಣ್ಣು ಕೊಟ್ಟೆ, ಬೀಜದ ಸಮೇತ. ಬಂತು. ಹೋಗ್ಲಿ ಬಿಡೇ ಎನ್ನುವುದನ್ನು ಕೊಟ್ಟೆ. ಬಂತು. ಅವಳ ನಗುವಿನ ಸದ್ದು ನನ್ನ ನಗುವಿನೊಳಗೆ ಸೇರಿಕೊಂಡಿತ್ತು, ಅದನ್ನು ಬಿಡಿಸಿ ಕೊಟ್ಟೆ. ಬಂತು. ಎರಡು ಬೆರಳು ಬಾಯಿಗಿಟ್ಟು ಊದಿ ನೋಡಿದೆ. ಬರೀ ಗಾಳಿ. ಈಗಲೂ ಬರೀ ಗಾಳಿಯೇ.

"ಈಗ ಅಪ್ಪನ ವಿಷಯ ಕೊಡು" ಎಂದೆ.

"ಕೊಡಲ್ಲ."

"ಹುಚ್ಚೀನಾ ನೀನು? ಅದೊಂದೇ ಸಾಕು, ಧಪ್ ಅನ್ನುತ್ತೆ."

"ಅಪ್ಪ ಬಂದ ದಿನ ಎಲ್ರೂ ಬಾಗಿಲಲ್ಲಿ ನಿಂತಿದ್ರು" ಎಂದಳು ಗೆಳತಿ. "ಅಮ್ಮ 'ಹೋಗು, ತಬ್ಕೋ' ಅಂದಳು. ನಂಗೆ ಕಾಲು ಏಳಲಿಲ್ಲ. ಅವರಿಗೆ ಕಾಲು ಇಲ್ಲದ್ದಕ್ಕಲ್ಲ ಕಣೇ. ಮುಖಾನೇ ಬೇರೆ. ಓಡಿಹೋಗ್ಬೇಕು ಅನ್ಸಿತು. ಆಗ ನೀನು ಹೇಳಿದ್ದು ನೆನಪಾಯ್ತು. ನಿಂಗೂ ಹಾಗಾಗುತ್ತೆ, ಸ್ವಲ್ಪ ದಿನ ಆದ್ಮೇಲೆ ಅಪ್ಪ ಆಗ್ತಾರೆ ಅಂತ. ಹೋಗಿ ತಬ್ಕೊಂಡೆ. ದಿನಾ ಬೆಳಿಗ್ಗೆ ಅದನ್ನ ನೆನಪಿಸ್ಕೊಂಡೇ ಕಾಫಿ ಕೊಡ್ತೀನಿ. ಇನ್ನೂ ಅಪ್ಪ ಆಗಿಲ್ಲ. ಅದನ್ನೂ ನಿಂಗೆ ಕೊಟ್ಟುಬಿಟ್ರೆ ನಾಳೆ ನಾನು ಏನು ಇಟ್ಕೊಂಡು ಅವರ ಮುಂದೆ ಹೋಗ್ಲಿ?"

ಅದಕ್ಕೆ ಉತ್ತರ ಕೊಡುವಂತಿರಲಿಲ್ಲ. ಅದೂ ಒಳಗೆ ಹೋಗಿ ಕೂರುತ್ತಿತ್ತು.

ಬೆಳಿಗ್ಗೆ ಎರಡು ಲಾರಿಗಳು ಉಗ್ರಾಣದ ಮುಂದೆ ನಿಂತವು. ಎರಡು ಮನೆಯವರೂ ಸಾಲಾಗಿ ನಿಂತೆವು. ಅಮ್ಮ ನನ್ನ ಗೆಳತಿಯ ತೋಳು ಹಿಡಿದಿದ್ದಳು, ಗೆಳತಿಯ ಅಮ್ಮ ನನ್ನ ತೋಳು ಹಿಡಿದಿದ್ದಳು. ಇಬ್ಬರು ಅಮ್ಮಂದಿರೂ ಒಬ್ಬರನ್ನೊಬ್ಬರು ನೋಡಿ, ಹೆಪ್ಪಿನ ಬಗ್ಗೆ ಒಂದು ಮಾತಾಡಿ, ಸುಮ್ಮನಾದರು. ಅವರಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ. ಬಹುಶಃ ಎಲ್ಲ ಅಮ್ಮಂದಿರಿಗೂ ಮೊದಲಿಂದ ಗೊತ್ತಿತ್ತು.

ಉಗ್ರಾಣಿ ಬಂದ. ಮಂಚ ತಟ್ಟಿದ, ಒಳಗೆ ಕಳಿಸಿದ. ಬಕೆಟ್ ತಟ್ಟಿದ, ಒಳಗೆ ಕಳಿಸಿದ. ನಮ್ಮ ಕುರ್ಚಿಯ ಕಾಲು ಅಲ್ಲಾಡಿಸಿದ.

"ಕೊಟ್ಟಾಗಲೇ ಹೀಗಿತ್ತು" ಎಂದಳು ಅಮ್ಮ.

"ಎಲ್ರೂ ಅದೇ ಹೇಳ್ತಾರೆ ತಾಯಿ" ಎಂದು ಅದನ್ನೂ ಒಳಗೆ ಕಳಿಸಿದ. ಆಮೇಲೆ ನಮ್ಮ ಕಡೆ ತಿರುಗಿದ.

"ಇವಳನ್ನ ನಾವು ಒಪ್ಪಿಸ್ತಿದ್ದೀವಿ" ಎಂದಳು ಅಮ್ಮ.

"ಇವಳನ್ನ ನಾವು" ಎಂದಳು ಗೆಳತಿಯ ಅಮ್ಮ.

"ಸರಿ, ಸರಿ" ಎಂದ ಉಗ್ರಾಣಿ, ದಿನಾ ಇದೇ ಕೆಲಸ ಎನ್ನುವ ಹಾಗೆ. "ಇವರು ಅವಳನ್ನ ಒಪ್ಪಿಸಿದ್ರು, ಅವರು ಇವಳನ್ನ ಒಪ್ಪಿಸಿದ್ರು. ಸದ್ದು ಸರಿ ಇದ್ರೆ ಇಬ್ಬರೂ ಅವರವರ ಲಾರಿ ಹತ್ತಬಹುದು. ಮುಂದಿನ ಊರಲ್ಲಿ ಇನ್ನೊಂದು ಕೊಡ್ತಾರೆ. ಉಗ್ರಾಣದಲ್ಲಿ ಎಲ್ಲಿಂದ ಬರಬೇಕು ಅಷ್ಟೊಂದು ಗೆಳತಿಯರು?"

ನನ್ನ ಬೆನ್ನು ತಟ್ಟಿದ. ಟಣ್.

"ಭೇಷ್" ಎಂದ. "ಹೊಸದರ ಹಾಗಿದೆ." ಅಪ್ಪ ನನ್ನ ತಲೆ ಸವರಿದ. ಅಮ್ಮನ ಕಣ್ಣಲ್ಲಿ ನೀರು ಬಂದಿತ್ತು, ಹೆಮ್ಮೆಯದೇ ಇರಬೇಕು. ಆ ಟಣ್ ನನ್ನೊಳಗೆ ಗೋಡೆಯಿಂದ ಗೋಡೆಗೆ ಓಡಾಡುತ್ತಲೇ ಇತ್ತು. ನಿಲ್ಲಿಸಲು ಒಳಗೆ ಏನೂ ಇರಲಿಲ್ಲ.

ಗೆಳತಿಯ ಬೆನ್ನು ತಟ್ಟಿದ.

ಧಪ್.

ಉಗ್ರಾಣಿ ತಲೆಯನ್ನು ಇನ್ನೊಂದು ಕಡೆಗೆ ಓರೆ ಮಾಡಿ ಮತ್ತೆ ತಟ್ಟಿದ. ಧಪ್. "ಏನೋ ಒಂದು ಉಳಿದಿದೆ" ಎಂದ. "ದೊಡ್ಡದೇ."

"ಕೊಟ್ಟಾಗಲೇ ಹಾಗಿತ್ತು ಅಂಕಲ್" ಎಂದೆ. ನನ್ನ ದನಿ ಅಮ್ಮನ ದನಿಯ ಹಾಗೇ ಕೇಳಿತು.

"ಇರಲಿಲ್ಲ ಮಗು. ನನ್ನ ಬೆರಳಿಗೆ ಗೊತ್ತು." ಅವನು ಗೆಳತಿಯ ಮುಂದೆ ಮಂಡಿಯೂರಿ ಕೂತ. ಕೆಟ್ಟ ಮನುಷ್ಯನೇನೂ ಅಲ್ಲ. "ಹೇಳಿಬಿಡಮ್ಮ. ಇಲ್ಲೇ, ಎಲ್ಲರ ಮುಂದೆ ಒಂದ್ಸಲ ಬಾಯಿಬಿಟ್ಟು ಹೇಳಿಬಿಡು. ಇವಳು ಬಂತು ಅಂತಾಳೆ. ಮುಗೀತು, ಲಾರಿ ಹತ್ತು. ಇಲ್ದಿದ್ರೆ ಸಾಮಾನು ಯಾರದ್ದಾದರೇನು, ಅಪ್ಪ ಅಮ್ಮ ಯಾರಾದರೇನು, ಕೆಟ್ಟಿದ್ದು ಇಲ್ಲೇ ಉಳೀಬೇಕು. ನಾನು ಮಾಡಿದ ನಿಯಮ ಅಲ್ಲ."

ಗೆಳತಿಯ ಅಮ್ಮ ಅವಳ ಭುಜ ಅಲುಗಿಸಿದಳು. "ಹೇಳೇ. ಏನು ಮಹಾ ಇದೆ ನಿನ್ನ ಹೊಟ್ಟೆಯಲ್ಲಿ? ಹೇಳಿಬಿಡೇ, ನಿನ್ನ ಕಾಲಿಗೆ ಬೀಳ್ತೀನಿ."

ಗೆಳತಿ ಅವಳ ಅಪ್ಪನ ಕಡೆ ನೋಡಿದಳು. ಅವನು ಊರುಗೋಲಿನ ಮೇಲೆ ಸಾವಧಾನ್ ಭಂಗಿಯಲ್ಲಿ ನಿಂತಿದ್ದ, ಎದೆ ಮುಂದೆ, ಕಣ್ಣು ನೇರ, ಒಂದೇ ಬೂಟು ಫಳಫಳ. ನಿಯಮದ ಮಾತು ಬಂದಾಗ ಹಾಗೇ ನಿಲ್ಲಬೇಕೆಂದು ಅವನಿಗೆ ಕಲಿಸಿದ್ದರು. ಅವನ ಮುಂದೆಯೇ ಅದನ್ನು ಹೇಳಬೇಕಿತ್ತು.

"ನೀನಾದ್ರೂ ಕೇಳಿ ತಗೊಳ್ಳೇ" ಎಂದು ಅಮ್ಮ ನನ್ನನ್ನು ಚಿವುಟಿದಳು. ನಾನು ಕೇಳಲಿಲ್ಲ. ಅದು ನನ್ನದಲ್ಲ ಎನ್ನುವ ಹಾಗೆ ದಾರಿ ಬದಿಯ ಸುಣ್ಣದ ಕಲ್ಲುಗಳನ್ನು ನೋಡುತ್ತಾ ನಿಂತೆ.

ಲಾರಿಯವನು ಹಾರ್ನ್ ಹೊಡೆದ. ಉಗ್ರಾಣಿ ನಿಟ್ಟುಸಿರು ಬಿಟ್ಟು ಎದ್ದ. ಸೊಂಟದಿಂದ ಕಂಡಮ್ ಕೋಣೆಯ ಕೀಲಿಕೈ ತೆಗೆದ. ಗೆಳತಿಯ ಕೈ ಹಿಡಿದ.

ಅವಳು ಕೊಸರಲಿಲ್ಲ, ಅಳಲಿಲ್ಲ. ಒಂದೆರಡು ಹೆಜ್ಜೆ ಅವನ ಜೊತೆ ನಡೆದಳು ಕೂಡ. ಆಮೇಲೆ ನಿಂತಳು.

"ಬರ್ತೀನಿ ಅಂಕಲ್" ಎಂದಳು. "ಅದಕ್ಕೆ ಮುಂಚೆ ನಮ್ಮಪ್ಪನ್ನೂ ಒಂದ್ಸಲ ತಟ್ಟಿ ನೋಡಿ. ನಾವು ಕೊಟ್ಟಾಗ ಇದ್ದ ಸದ್ದೇ ಇದೆಯಾ ಹೇಳಿ."

ಅಮ್ಮಂದಿರು ಅವರವರ ಮುಂಗೈ ನೋಡಿಕೊಂಡರು. ಅಪ್ಪ ಬೇರೆ ಕಡೆ ತಿರುಗಿದ. ಊರುಗೋಲಿನ ಮೇಲಿನ ಮನುಷ್ಯನ ಕಣ್ಣು ಮಾತ್ರ ನೇರವೇ ಇತ್ತು. ಉಗ್ರಾಣಿಯ ಬಾಗಿದ ಬೆರಳು ಗಾಳಿಯಲ್ಲಿ ಎದ್ದು, ಎಲ್ಲಿಗೂ ಹೋಗದೆ, ಅಲ್ಲೇ ನಿಂತಿತು.

"ತಟ್ಟಿ ಅಂಕಲ್" ಎಂದಳು ಗೆಳತಿ. "ಮೆಲ್ಲಗೆ ತಟ್ಟಿದ್ರೂ ಸಾಕು."